ಪಂಪ್-ಆಕ್ಷನ್ ಕೋವಿಗೆ ಹೊಸ ಸ್ಟಾಕ್ ಮತ್ತು ಫೋರೆಂಡ್: ಪುಣೆಯ ಒಂದು ದುರಸ್ತಿಯ ದಾಖಲೆ

ರೆಮಿಂಗ್ಟನ್ 870 ಮಾದರಿಯ ಈ 12 ಬೋರ್ ಕೋವಿಯ ಹಿಂಬದಿಯ ಮರ, ಅಂದರೆ ಸ್ಟಾಕ್, ಸೀಳಿದ್ದು ಕುತ್ತಿಗೆಯ ಭಾಗದಲ್ಲಿ. ಕೋವಿಯ ಯಂತ್ರಭಾಗಗಳನ್ನು ಹೊತ್ತ ಉಕ್ಕಿನ ಪೆಟ್ಟಿಗೆ, ಅಂದರೆ ರಿಸೀವರ್, ಮುಗಿದು ಮರ ಆರಂಭವಾಗುವ ಸಂದಿನಿಂದ ಹೊರಟ ಬಿರುಕು, ಕೈ ಹಿಡಿಯುವ ಜಾಗದ ಎಡಪಕ್ಕವನ್ನು ಓರೆಯಾಗಿ ದಾಟಿ ಕೆಳಗಿನ ಅಂಚಿನವರೆಗೂ ಬಂದಿತ್ತು. ಎಡಗೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯುವ ಮುಂಬದಿಯ ಮರ, ಅಂದರೆ ಫೋರೆಂಡ್, ತುದಿಯಲ್ಲಿ ಎರಡು ಕಡೆ ಬಾಯಿ ಬಿಟ್ಟಿತ್ತು. ನಳಿಗೆಯ ಒಳಮೈ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟು, ಕುದುರೆಯ (ಟ್ರಿಗರ್‌ನ) ಕಟ್ಟು, ತೋಟೆಗಳು ಸಾಲಾಗಿ ಕೂರುವ ಮ್ಯಾಗಝೀನ್ ಕೊಳವೆ ಇವೆಲ್ಲ ಸುಸ್ಥಿತಿಯಲ್ಲಿದ್ದವು. ಲೋಹ ಇನ್ನೂ ಎರಡು ತಲೆಮಾರು ಬಾಳುವಂತಿರುವಾಗ ಮರ ಸೋತಿದೆ ಎಂಬ ಕಾರಣಕ್ಕೆ ಕೋವಿಯನ್ನು ಮೂಲೆಗೆ ಹಾಕುವುದು ಸರಿಯಲ್ಲವೆಂದು ಎರಡೂ ಮರಗಳನ್ನು ಹೊಸದಾಗಿ ಮಾಡಲು ನಿರ್ಧರಿಸಿದೆ.

ಕೆಲಸಕ್ಕಿಂತ ಮೊದಲು ಕಾನೂನಿನ ಮಾತು ಹೇಳಬೇಕು, ಏಕೆಂದರೆ ಕೆಲಸ ಎಲ್ಲಿ ನಡೆಯಬೇಕು ಎಂಬುದನ್ನು ನಿರ್ಧರಿಸಿದ್ದೇ ಅದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕುಗಳ ತಯಾರಿಕೆಗಷ್ಟೇ ಅಲ್ಲ, ದುರಸ್ತಿಗೂ ಪರವಾನಗಿ ಬೇಕು. ಬಂದೂಕು ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಬರುತ್ತವೆ. ಆದ್ದರಿಂದ ಅಮೆರಿಕದಿಂದ ಸಿದ್ಧ ಸ್ಟಾಕ್ ಒಂದನ್ನು ಅಂಚೆಯಲ್ಲಿ ತರಿಸಿ ಮನೆಯ ಮೇಜಿನ ಮೇಲೆ ತಿರುಪು ಬಿಗಿಯುವುದು ಇಲ್ಲಿ ಸಾಧ್ಯವಾಗುವ ಮಾತಲ್ಲ. ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಪರವಾನಗಿ ಹೊಂದಿದ ಗನ್‌ಸ್ಮಿತ್, ಅಂದರೆ ಬಂದೂಕು ದುರಸ್ತಿಗಾರರು, ಒಬ್ಬರಿದ್ದಾರೆ. ಮೂಲತಃ ಧಾರವಾಡದ ಕಡೆಯವರು, ಮೂರು ದಶಕಗಳಿಂದ ಇಲ್ಲಿಯೇ ನೆಲೆಸಿದ್ದಾರೆ. ಅವರು ಕೋವಿಯನ್ನು ತಮ್ಮ ದಾಖಲೆ ಪುಸ್ತಕದಲ್ಲಿ ದುರಸ್ತಿಗೆಂದು ನಮೂದಿಸಿಕೊಂಡು, ಲೋಹದ ಕೆಲಸವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು; ಮರಗೆಲಸದಲ್ಲಿ ನನಗಿರುವ ಹಳೆಯ ಆಸಕ್ತಿ ಅವರಿಗೆ ಗೊತ್ತಿದ್ದುದರಿಂದ, ಕೆತ್ತನೆಯನ್ನು ಅವರದೇ ಕಾರ್ಯಾಗಾರದಲ್ಲಿ ಅವರ ಕಣ್ಣಮುಂದೆ ಮಾಡಲು ಒಪ್ಪಿದರು. ಇದೇ ಕಾಯ್ದೆಯ 6ನೇ ಕಲಂ ನಳಿಗೆ ಮೊಟಕು ಮಾಡುವುದನ್ನು ಪರವಾನಗಿಯಿಲ್ಲದವರಿಗೆ ನಿಷೇಧಿಸುತ್ತದೆ. ಮರ ಬದಲಿಸುವಾಗ ನಳಿಗೆಯ ಉದ್ದವಾಗಲಿ ರಿಸೀವರ್ ಮೇಲಿನ ಸಂಖ್ಯೆಯಾಗಲಿ ಬದಲಾಗುವ ಪ್ರಶ್ನೆಯೇ ಇಲ್ಲ.

870 ಮಾರುಕಟ್ಟೆಗೆ ಬಂದದ್ದು 1950ರಲ್ಲಿ, ಬಾತುಕೋಳಿ ಮತ್ತು ಫೆಸೆಂಟ್ ಹಕ್ಕಿಗಳ ಬೇಟೆಗೆಂದು. ನಮ್ಮ ಮನೆಯಲ್ಲಿ ಅಜ್ಜನ ಕಾಲದಲ್ಲಿ ಅದು ಶಿರಸಿ ಕಡೆಯ ಅಡಿಕೆ ತೋಟದ ಬೆಳೆ ರಕ್ಷಣೆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಾತು ಮುಗಿದಿದೆ. ಈಗ ಅದು ಪುಣೆಯ ವಿಳಾಸದ ಪರವಾನಗಿಯಲ್ಲಿ, ಗಾಳಿಯಲ್ಲಿ ಹಾರಿಸುವ ಕ್ಲೇ ತಟ್ಟೆಗಳಿಗೆ ಗುರಿ ಹಿಡಿಯಲು ಬಳಕೆಯಾಗುತ್ತದೆ.

ಹಳೆಯ ಸ್ಟಾಕನ್ನು ಬಿಚ್ಚಿ ನೋಡಿದಾಗ ಬಿರುಕಿನ ಕಾರಣ ತಿಳಿಯಿತು. ರಿಸೀವರ್‌ಗೆ ತಾಗುವ ಮರದ ಮುಖ ಸುಮಾರು ಮೂರು ಸೆಂಟಿಮೀಟರ್ ಆಳದವರೆಗೆ ಕಪ್ಪಾಗಿ, ಉಗುರಿನಿಂದ ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗಾಗಿತ್ತು. ಕೋವಿಗೆ ಎಣ್ಣೆ ಹಾಕಿ, ನಳಿಗೆಯ ಬಾಯಿ ಮೇಲಾಗುವಂತೆ ಕಪಾಟಿನಲ್ಲಿ ನಿಲ್ಲಿಸಿಡುವುದು ಬಹುತೇಕ ಮನೆಗಳ ರೂಢಿ. ಒಳಗಿನ ಎಣ್ಣೆ ನಿಧಾನವಾಗಿ ಕೆಳಗಿಳಿದು ಮರದ ಕಡಿಮುಖವನ್ನು ಸೇರುತ್ತದೆ. ನಾರುಗಳ ಕೊಳವೆಗಳು ಬಾಯಿ ತೆರೆದಿರುವುದು ಆ ಮುಖದಲ್ಲಿಯೇ ಆದ್ದರಿಂದ ಮರ ಅದನ್ನು ಹೀರಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ನಾರುಗಳು ಬಿಗಿ ಕಳೆದುಕೊಳ್ಳುತ್ತವೆ, ಸ್ಟಾಕನ್ನು ರಿಸೀವರಿಗೆ ಬಿಗಿಯುವ ಉದ್ದನೆಯ ಸ್ಟಾಕ್ ಬೋಲ್ಟಿನ ಒತ್ತಡಕ್ಕೆ ಮರ ಕುಗ್ಗುತ್ತದೆ, ಆ ಬೋಲ್ಟು ಸಡಿಲವಾಗುತ್ತದೆ, ಮರಕ್ಕೂ ಉಕ್ಕಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಹುಟ್ಟುತ್ತದೆ. 28 ಗ್ರಾಂ ಚರೆಯನ್ನು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರದಬ್ಬುವ ತೋಟೆ, 3.3 ಕಿಲೋ ತೂಕದ ಕೋವಿಯನ್ನು ಸೆಕೆಂಡಿಗೆ 3ರಿಂದ 4 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೆಲ್ಲ ಭುಜವನ್ನು ತಲುಪುವುದು ಕೆಲವೇ ಚದರ ಸೆಂಟಿಮೀಟರ್ ವಿಸ್ತಾರದ ಈ ಮುಖದ ಮೂಲಕ. ಮರ ಮತ್ತು ಉಕ್ಕು ಪೂರ್ತಿ ತಾಗಿಕೊಂಡಿದ್ದರೆ ಅದು ಬರಿಯ ಒತ್ತಡ. ಸಂದು ಬಿಟ್ಟಿದ್ದರೆ ರಿಸೀವರ್ ಪ್ರತಿ ಹೊಡೆತಕ್ಕೂ ಮರದ ಮೇಲೆ ಉಳಿಯಂತೆ ಬೀಳುತ್ತದೆ. ಹೊಸ ಸ್ಟಾಕಿನ ಆಯಸ್ಸು ಅದರ ಹೊಳಪಿನಲ್ಲಾಗಲಿ ಗೆರೆಗಳ ಚೆಲುವಿನಲ್ಲಾಗಲಿ ಇಲ್ಲ, ಈ ಒಂದು ಮುಖದ ಹೊಂದಾಣಿಕೆಯಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. ಈ ದಾಖಲೆಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಿಚ್ಚುವ ಕ್ರಮ ಸರಳ. ಕೆಲಸ ಮಾಡುವ ಕೋಣೆಯಲ್ಲಿ ಒಂದು ತೋಟೆಯೂ ಇರಬಾರದು. ಫೋರೆಂಡನ್ನು ಹಿಂದಕ್ಕೆಳೆದು ಆಕ್ಷನ್ ತೆರೆದು, ಚೇಂಬರ್ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಮತ್ತು ಮ್ಯಾಗಝೀನ್ ಎರಡೂ ಖಾಲಿ ಎಂಬುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮ್ಯಾಗಝೀನ್ ಕೊಳವೆಯ ತುದಿಯ ಮುಚ್ಚಳ ತೆಗೆದರೆ ನಳಿಗೆ ಮುಂದಕ್ಕೆ ಜಾರಿ ಹೊರಬರುತ್ತದೆ. ನಂತರ ರಿಸೀವರ್ ಒಳಗಿನ ಎಡಬದಿಯ ಶೆಲ್ ಲ್ಯಾಚನ್ನು (ತೋಟೆಯನ್ನು ತಡೆದು ಹಿಡಿಯುವ ಕೊಂಡಿಯನ್ನು) ಬೆರಳಿನಿಂದ ಒತ್ತಿ ಹಿಡಿದರೆ ಫೋರೆಂಡ್, ಅದರ ಎರಡು ಆಕ್ಷನ್ ಪಟ್ಟಿಗಳು ಮತ್ತು ಬೋಲ್ಟು ಒಟ್ಟಿಗೆ ಮುಂದಕ್ಕೆ ಬರುತ್ತವೆ. ಬೋಲ್ಟು ಹಾಗೂ ಅದರ ಅಡಿಯ ಸ್ಲೈಡ್ ಪಟ್ಟಿಗಳ ಮೇಲೆ ಹೇಗೆ ಕುಳಿತಿದ್ದವು ಎಂಬುದರ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಹಿಂಬದಿಯಲ್ಲಿ, ಭುಜಕ್ಕೆ ಆನುವ ರಬ್ಬರ್ ಪ್ಯಾಡಿನ ಎರಡು ತಿರುಪುಗಳು ರಬ್ಬರಿನೊಳಗೆ ಅಡಗಿರುತ್ತವೆ. ತಿರುಪುಳಿಯ ತುದಿಗೆ ಸ್ವಲ್ಪ ಗ್ರೀಸ್ ಸವರಿದರೆ ರಬ್ಬರ್ ಹರಿಯುವುದಿಲ್ಲ. ಪ್ಯಾಡ್ ಬಂದ ಮೇಲೆ ಆಳದ ರಂಧ್ರದೊಳಗೆ ಸ್ಟಾಕ್ ಬೋಲ್ಟಿನ ತಲೆ ಕಾಣುತ್ತದೆ. ಅದಕ್ಕೆ ಉದ್ದನೆಯ, ಅಗಲ ಬಾಯಿಯ ತಿರುಪುಳಿಯೇ ಬೇಕು. ಸಣ್ಣ ಬಾಯಿಯದನ್ನು ಬಳಸಿದರೆ ಸೀಳು ಹಾಳಾಗುವುದಲ್ಲದೆ, ಜಾರಿದ ತುದಿ ರಂಧ್ರದ ಗೋಡೆಯನ್ನು ಒಡೆಯುತ್ತದೆ. ಬಾಗಿದ ತಿರುಪುಳಿಯೊಂದನ್ನು ಬದಲಿಸಲೆಂದು ರವಿವಾರ ಪೇಟೆಯ ಬೊಹ್ರಿ ಆಳಿಗೆ ಹೋದೆ. ಆ ಓಣಿಯ ಅಂಗಡಿಗಳಲ್ಲಿ ಇಂಥ ಹತಾರಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು.

ಹೊಸ ಮರವನ್ನು ಹಳೆಯದರ ಅಚ್ಚಿನಂತೆ ಮಾಡುವುದೇ, ಭುಜಕ್ಕೆ ತಕ್ಕಂತೆ ತಿದ್ದುವುದೇ ಎಂಬುದು ಮುಂದಿನ ಪ್ರಶ್ನೆ. ಕಾರ್ಖಾನೆಯ ಸ್ಟಾಕಿನಲ್ಲಿ ಟ್ರಿಗರ್‌ನಿಂದ ಪ್ಯಾಡಿನ ನಡುವಿನವರೆಗಿನ ಉದ್ದ 14 ಅಂಗುಲ, ಅಂದರೆ 356 ಮಿಲಿಮೀಟರ್. ಕೆನ್ನೆ ಆನಿಸುವ ಏಣಿನ ಮುಂತುದಿ ನಳಿಗೆಯ ಗೆರೆಗಿಂತ 38 ಮಿಲಿಮೀಟರ್ ಕೆಳಗೆ, ಹಿಮ್ಮಡಿ, ಅಂದರೆ ಸ್ಟಾಕಿನ ಹಿಂತುದಿಯ ಮೇಲಂಚು, 64 ಮಿಲಿಮೀಟರ್ ಕೆಳಗೆ. ಈ ಇಳಿತಗಳನ್ನು ಅಳೆಯಲು ವಿಶೇಷ ಉಪಕರಣ ಬೇಡ. ಸಮತಟ್ಟಾದ ಮೇಜಿನ ಮೇಲೆ ಕೋವಿಯನ್ನು ಮಗುಚಿ, ನಳಿಗೆಯ ತುದಿಯ ಗುರಿಮಣಿ ಮೇಜಿನ ಅಂಚಿನಿಂದ ಆಚೆ ಇರುವಂತೆ ಇರಿಸಿದರೆ, ಮೇಜಿನಿಂದ ಮರದವರೆಗಿನ ಅಂತರವೇ ಇಳಿತ. 14 ಅಂಗುಲ ಉದ್ದ ನನ್ನ ತೋಳಿಗೆ ಹೆಚ್ಚು; ಕೋವಿಯನ್ನು ಚುರುಕಾಗಿ ಎತ್ತುವಾಗ ಹಿಮ್ಮಡಿ ಕಂಕುಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಪ್ಯಾಡ್ ಸೇರಿ 345 ಮಿಲಿಮೀಟರಿಗೆ ನಿಗದಿ ಮಾಡಿದೆ. ಏಣಿನ ಮುಂತುದಿಯ 38 ಮಿಲಿಮೀಟರನ್ನು ಹಾಗೆಯೇ ಉಳಿಸಿ, ಹಿಮ್ಮಡಿಯ ಇಳಿತವನ್ನು 58ಕ್ಕೆ ತಂದೆ, ಏಕೆಂದರೆ ಹಿಮ್ಮಡಿ ಕೆಳಗಿಳಿದಷ್ಟೂ ಹೊಡೆತದ ವೇಳೆ ನಳಿಗೆ ಮೇಲಕ್ಕೆ ಜಿಗಿಯುತ್ತದೆ, ಏಣು ಕೆನ್ನೆಗೆ ಬಡಿಯುತ್ತದೆ. ಬಲಗೈಯವನಾದ ನನಗೆ ಕಣ್ಣು ನಳಿಗೆಯ ನೇರಕ್ಕೆ ಬರಲೆಂದು ಹಿಮ್ಮಡಿಯನ್ನು ನಡುಗೆರೆಯಿಂದ 3 ಮಿಲಿಮೀಟರ್ ಬಲಕ್ಕೆ ಸರಿಸಿದೆ. ಕೊಂಡು ತಂದ ಸ್ಟಾಕ್ ಈ ತಿದ್ದುಪಡಿಗಳನ್ನು ಎಂದಿಗೂ ಕೊಡಲಾರದು. ಶ್ರಮ ಸಾರ್ಥಕವಾಗುವುದು ಇಲ್ಲಿ.

ಮರದ ಆಯ್ಕೆಗೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಸಾಕಷ್ಟು ಹೊತ್ತು ಕಳೆದೆ. ಮಲೆನಾಡಿನವನಾಗಿ ನನ್ನ ಮನಸ್ಸು ಮೊದಲು ಹೋದದ್ದು ಬೀಟೆಯ ಕಡೆಗೆ. ಅದರ ಸೌಂದರ್ಯಕ್ಕೆ ಸಾಟಿಯಿಲ್ಲ, ಆದರೆ ಘನ ಮೀಟರಿಗೆ 850 ಕಿಲೋ ಆಸುಪಾಸು ತೂಗುವ ಆ ಮರದಲ್ಲಿ ಸ್ಟಾಕ್ ಮಾಡಿದರೆ ಕೋವಿಯ ತೂಕ ಹಿಂದಕ್ಕೆ ಸರಿದು ನಳಿಗೆ ಕೈಯಲ್ಲಿ ತೇಲಾಡತೊಡಗುತ್ತದೆ. ಶೀಶಮ್ ಅದಕ್ಕಿಂತ ಹಗುರ, ಆದರೂ ಅಕ್ರೋಟಿಗಿಂತ ಭಾರ. ತೇಗದ ತೂಕ ಸರಿಹೊಂದುತ್ತದೆ, ನೀರಿಗೆ ಅಂಜುವುದಿಲ್ಲ. ಆದರೆ ಕುತ್ತಿಗೆಯ ತೆಳ್ಳನೆಯ ಭಾಗದಲ್ಲಿ ನಾರಿನ ಗುಂಟ ಸೀಳುವ ಸ್ವಭಾವ ಅದಕ್ಕಿದೆ, ಮೈಯಲ್ಲಿರುವ ಜಿಡ್ಡು ಅಂಟನ್ನೂ ಲೇಪವನ್ನೂ ಸುಲಭಕ್ಕೆ ಹಿಡಿಯಗೊಡುವುದಿಲ್ಲ. ಘನ ಮೀಟರಿಗೆ 640 ಕಿಲೋ ಸುಮಾರಿನ ಅಕ್ರೋಟ್ ಮರ ಶತಮಾನಗಳಿಂದ ಬಂದೂಕಿನ ಮರವಾಗಿ ಉಳಿದಿರುವುದಕ್ಕೆ ಕಾರಣವಿದೆ: ಹೊಡೆತವನ್ನು ಸೀಳದೆ ತಾಳಿಕೊಳ್ಳುತ್ತದೆ, ಒಣಗಿದ ಮೇಲೆ ಹೆಚ್ಚು ತಿರುಚುವುದಿಲ್ಲ, ಉಳಿಗೆ ಅಡ್ಡನಾರಿನಲ್ಲಿಯೂ ಚೊಕ್ಕಟವಾಗಿ ಕಡಿತ ಕೊಡುತ್ತದೆ. ಜಮ್ಮು ಮತ್ತು ಕಾಶ್ಮೀರದಲ್ಲಿ ಅಕ್ರೋಟ್ ಮರ ಕಡಿಯುವುದಕ್ಕೆ 1969ರ ಕಾನೂನಿನಂತೆ ಅನುಮತಿ ಬೇಕಾಗುವುದರಿಂದ, ರಸೀದಿಯಿರುವ ಹಳೆಯ ದಾಸ್ತಾನನ್ನೇ ಹುಡುಕಿ ಕೊಂಡೆ.

ಹಲಗೆಯಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಮೊದಲು ನಾರಿನ ದಿಕ್ಕನ್ನು. ಸ್ಟಾಕಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಹಲಗೆಯ ಮೇಲೆ ಅತ್ತಿತ್ತ ಸರಿಸಿ ನೋಡಿದೆ. ಕುತ್ತಿಗೆಯ ಇಳಿಜಾರಿನ ಉದ್ದಕ್ಕೂ ನಾರು ಸಮಾನಾಂತರವಾಗಿ ಹರಿಯಬೇಕು. ಅಲ್ಲಿ ನಾರು ಅಡ್ಡ ಹಾಯ್ದು ಹೊರಬಂದರೆ ಎಷ್ಟೇ ಒಳ್ಳೆಯ ಮರವಾದರೂ ಅಲ್ಲಿಯೇ ಮುರಿಯುತ್ತದೆ. ಸುಳಿ, ಗಂಟು, ಅಲೆಗಳೆಲ್ಲ ಹಿಮ್ಮಡಿಯ ಅಗಲದಲ್ಲಿ ಇರಲಿ. ಫೋರೆಂಡಿಗೆ ಯಾವ ಅಲಂಕಾರವೂ ಇಲ್ಲದ, ನೇರ ನಾರಿನ ತುಂಡನ್ನೇ ಆರಿಸಿದೆ.

ತೇವದ ವಿಷಯ ಪುಣೆಯಲ್ಲಿ ಗಂಭೀರವಾದದ್ದು. ಏಪ್ರಿಲ್ ಮಧ್ಯಾಹ್ನಗಳಲ್ಲಿ ಇಲ್ಲಿನ ಗಾಳಿಯ ಸಾಪೇಕ್ಷ ಆರ್ದ್ರತೆ 30 ಶೇಕಡಾಕ್ಕಿಂತ ಕೆಳಗಿಳಿಯುತ್ತದೆ, ಜುಲೈ-ಆಗಸ್ಟ್‌ನಲ್ಲಿ 80 ದಾಟುತ್ತದೆ. 30ರ ಗಾಳಿಯಲ್ಲಿ ಬಹುಕಾಲ ಇಟ್ಟ ಮರದ ತೇವಾಂಶ ಸುಮಾರು 6 ಶೇಕಡಾಕ್ಕೆ ಬಂದು ನಿಲ್ಲುತ್ತದೆ, 80ರ ಗಾಳಿಯಲ್ಲಿ 16ಕ್ಕೆ. ಲೇಪವಿಲ್ಲದ 50 ಮಿಲಿಮೀಟರ್ ಅಗಲದ ಅಕ್ರೋಟ್ ತುಂಡು ಈ ಎರಡರ ನಡುವೆ, ಬೆಳವಣಿಗೆಯ ಉಂಗುರಗಳ ಗುಂಟದ ದಿಕ್ಕಿನಲ್ಲಿ, ಒಂದು ಮಿಲಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗಬಲ್ಲದು. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ್ದು ಮಳೆಗಾಲದಲ್ಲಿ ಸೀಳುತ್ತದೆ, ಮಳೆಗಾಲದಲ್ಲಿ ಕೂರಿಸಿದ್ದು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಹಲಗೆಯನ್ನು ಕಾರ್ಯಾಗಾರದ ನೆರಳಿನಲ್ಲಿಟ್ಟು, ವಾರಕ್ಕೊಮ್ಮೆ ತೂಗಿ, ತೂಕ ಸ್ಥಿರವಾದ ಮೇಲಷ್ಟೇ ಕೆಲಸ ಆರಂಭಿಸಿದೆವು. ಮಳೆ ನಿಂತು ಚಳಿ ಬರುವ ಮುನ್ನಿನ ನಡುವಿನ ಹದ ಈ ಕೆಲಸಕ್ಕೆ ತಕ್ಕ ಕಾಲ.

ಮೊದಲ ಕೆಲಸ ಬೋಲ್ಟಿನ ರಂಧ್ರ. ಆಕಾರ ಕೊಟ್ಟ ಮೇಲೆ ರಂಧ್ರ ಕೊರೆಯಹೊರಟರೆ ನೇರವನ್ನು ಯಾವುದರಿಂದ ಅಳೆಯುವುದು? ಹಲಗೆ ಚೌಕವಾಗಿರುವಾಗಲೇ ಕೊರೆದು, ಆ ರಂಧ್ರದ ನಡುಗೆರೆಯನ್ನೇ ಉಳಿದೆಲ್ಲ ಅಳತೆಗಳಿಗೆ ಆಧಾರವಾಗಿಟ್ಟುಕೊಳ್ಳಬೇಕು. ನಾರಿನ ಉದ್ದಕ್ಕೂ ಕೊರೆಯುವಾಗ ಡ್ರಿಲ್ಲಿನ ತುದಿ ಮೆತ್ತನೆಯ ನಾರನ್ನು ಹುಡುಕಿಕೊಂಡು ಪಕ್ಕಕ್ಕೆ ಹೋಗುತ್ತದೆ. ಅದನ್ನು ತಡೆಯಲು ಎರಡೂ ತುದಿಗಳಿಂದ ಸಣ್ಣ ರಂಧ್ರ ಕೊರೆದು ನಡುವೆ ಸೇರಿಸಿ, ನಂತರ ಹಿಂಬದಿಯಿಂದ 20 ಮಿಲಿಮೀಟರ್ ಅಗಲದ ರಂಧ್ರವನ್ನು ಮೆಟ್ಟಿಲಿನವರೆಗೆ ತಂದೆವು. ಬೋಲ್ಟಿನ ವಾಷರ್ ಕೂರುವ ಆ ಮೆಟ್ಟಿಲು ರಂಧ್ರಕ್ಕೆ ಸರಿಯಾಗಿ ಲಂಬವಾಗಿರಬೇಕು, ಇಲ್ಲದಿದ್ದರೆ ಬಿಗಿಯುವಾಗ ಬೋಲ್ಟು ಮರವನ್ನು ಒಂದು ಬದಿಗೆ ಎಳೆಯುತ್ತದೆ. ಮುಂದಿನ ಸಣ್ಣ ರಂಧ್ರದಲ್ಲಿ ಬೋಲ್ಟಿನ ಸುತ್ತ ಎಲ್ಲ ಕಡೆ ಸ್ವಲ್ಪ ಜಾಗವಿದೆ. ಬೋಲ್ಟಿಗೆ ಇರುವುದು ಎಳೆದು ಹಿಡಿಯುವ ಕೆಲಸ ಮಾತ್ರ. ಹೊಡೆತವನ್ನು ಹೊರುವುದು ಮುಖ.

ಆ ಮುಖದ ಕೆಲಸವೇ ಅತ್ಯಂತ ದೀರ್ಘವಾದದ್ದು. ಹಳೆಯ ಮರದಿಂದ ತೆಗೆದ ಅಳತೆಯಂತೆ ಮುಖವನ್ನೂ, ರಿಸೀವರ್ ಒಳಗೆ ಸೇರುವ ಮರದ ಭಾಗವನ್ನೂ ಎಲ್ಲ ಕಡೆ ತುಸು ದಪ್ಪವಾಗಿ ಕೆತ್ತಿಕೊಂಡೆ. ದೀಪದ ಮಸಿಗೆ ಒಂದೆರಡು ಹನಿ ಎಣ್ಣೆ ಬೆರೆಸಿ, ರಿಸೀವರಿನ ಹಿಮ್ಮುಖಕ್ಕೆ ಕುಂಚದಿಂದ ಅತಿ ತೆಳುವಾಗಿ ಸವರಿ, ಮರವನ್ನು ನೇರವಾಗಿ ಕೂರಿಸಿ, ಹಿಂಬದಿಯಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೆಗೆದರೆ, ಎಲ್ಲಿ ಎಲ್ಲಿ ತಾಗಿದೆಯೋ ಅಲ್ಲಿ ಕಪ್ಪು ಚುಕ್ಕೆ ಮೂಡಿರುತ್ತದೆ. ಆ ಚುಕ್ಕೆಗಳನ್ನು ಮಾತ್ರ ಹೆರೆದು ಮತ್ತೆ ಕೂರಿಸಬೇಕು. ಆರಂಭದಲ್ಲಿ ಒಂದೆರಡು ಮೂಲೆಗಳಲ್ಲಿ ಮಾತ್ರ ಮಸಿ ಕಾಣುತ್ತದೆ. ಹೆರೆದಂತೆ ಹೆರೆದಂತೆ ಚುಕ್ಕೆಗಳು ಹೆಚ್ಚುತ್ತಾ ಹಬ್ಬುತ್ತವೆ, ಕೊನೆಗೆ ಮುಖದ ನಾಲ್ಕೂ ಕಡೆ ಸಮನಾದ ಕಪ್ಪು ಬರುತ್ತದೆ. ಇಲ್ಲಿ ಒರಟು ಅರವನ್ನು ಹತ್ತಿರ ಸುಳಿಯಗೊಡಬಾರದು. 6 ಮಿಲಿಮೀಟರ್ ಉಳಿ, ಹರಿತವಾದ ಹೆರೆಯುವ ತಗಡು, ಸೂಜಿಯರ ಇಷ್ಟೇ ಸಾಕು. ಮಸಿಯ ಪದರ ದಪ್ಪವಾದರೆ ಅದು ಸುಳ್ಳು ಹೇಳುತ್ತದೆ: ತಾಗದ ಜಾಗವೂ ಕಪ್ಪಾಗಿ, ಹೆರೆಯಬಾರದ ಮರ ಹೋಗುತ್ತದೆ.

ಎಲ್ಲ ಕಡೆ ತಾಗಬೇಕು ಎಂಬುದಕ್ಕೆ ಒಂದು ವಿನಾಯಿತಿ ಇದೆ. ರಿಸೀವರ್ ಒಳಗೆ ಸೇರುವ ಮರದ ಭಾಗದ ತುದಿ ಒಳಗಿನ ಲೋಹಕ್ಕೆ ತಾಗಬಾರದು. ಅದು ತಾಗಿದರೆ ಹೊಡೆತ ಅಗಲವಾದ ಮುಖವನ್ನು ಬಿಟ್ಟು ಈ ತುದಿಯ ಮೇಲೆ ಬಿದ್ದು, ಮರವನ್ನು ಒಳಗಿನಿಂದಲೇ ಬೆಣೆಯಿಟ್ಟು ಸೀಳುತ್ತದೆ. ಅಲ್ಲಿ ಅರ್ಧ ಮಿಲಿಮೀಟರ್ ಬಿಡುವು ಕೊಟ್ಟೆ. ಮುಖದ ಹೊರ ಅಂಚಿಗೂ ಕಣ್ಣಿಗೆ ಬೀಳದಷ್ಟು ಸಣ್ಣ ಓರೆ ಕೊಟ್ಟರೆ, ಮರ ಹಿಗ್ಗಿದಾಗ ಅಂಚಿನ ಸಿಬಿರು ಏಳುವುದಿಲ್ಲ. ಕುದುರೆಯ ಕಟ್ಟು ಎರಡು ಪಿನ್ನುಗಳನ್ನು ತೆಗೆದೊಡನೆ ಅಡ್ಡಿಯಿಲ್ಲದೆ ಕೆಳಗಿಳಿಯುತ್ತದೆಯೇ ಎಂದು ಪ್ರತಿ ಹಂತದಲ್ಲೂ ಪರೀಕ್ಷಿಸಿದೆವು. ಮರ ಅದರ ಹಿಂತುದಿಯನ್ನು ಒತ್ತಿಹಿಡಿದರೆ ಮುಂದೆ ಸ್ವಚ್ಛಗೊಳಿಸುವಾಗಲೆಲ್ಲ ಸ್ಟಾಕನ್ನೇ ಬಿಚ್ಚಬೇಕಾದೀತು.

ಹೊಂದಾಣಿಕೆ ಮುಗಿದ ಮೇಲೆ ಮುಖಕ್ಕೆ ತೆಳುವಾದ ಎಪಾಕ್ಸಿ ಲೇಪಿಸಿದೆವು. ಲೋಹಕ್ಕೆ ಮೊದಲೇ ಮೇಣ ಸವರಿದ್ದರಿಂದ ಅಂಟಿಕೊಳ್ಳಲಿಲ್ಲ. ಎಪಾಕ್ಸಿಯನ್ನು ಕೆಟ್ಟ ಹೊಂದಾಣಿಕೆಯ ಸಂದು ತುಂಬಲು ಬಳಸುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ದಪ್ಪನಾದ ಪದರ ಹೊಡೆತಕ್ಕೆ ಕಳಚಿಕೊಂಡರೆ ಮರ ಮತ್ತೆ ಸಂದಿನಲ್ಲಿ ನಿಲ್ಲುತ್ತದೆ. ಇಲ್ಲಿ ಅದರ ಉದ್ದೇಶ ಒಂದೇ: ಬಾಯಿ ತೆರೆದ ನಾರುಗಳನ್ನು ಮುಚ್ಚಿ, ಮುಂದೆ ಇಳಿದುಬರುವ ಎಣ್ಣೆಯನ್ನು ಮರದೊಳಗೆ ಬಿಡದಿರುವುದು.

ಹೊರ ಆಕಾರ ಕೊಡುವುದು ಇದಕ್ಕೆ ಹೋಲಿಸಿದರೆ ಬೇಗ ಸಾಗುತ್ತದೆ. ಮರವನ್ನು ರಿಸೀವರಿಗೆ ಬಿಗಿದಿಟ್ಟೇ, ಲೋಹಕ್ಕೆ ಟೇಪು ಸುತ್ತಿ, ಒರಟು ಅರದಿಂದ ನಯವಾದ ಅರಕ್ಕೆ, ಅರದಿಂದ ಹೆರೆಯುವ ತಗಡಿಗೆ, ಅಲ್ಲಿಂದ ಮರಳುಕಾಗದಕ್ಕೆ ಇಳಿಯುತ್ತಾ ಬಂದೆ. ಮರವನ್ನು ಲೋಹಕ್ಕಿಂತ ತುಸು ಎತ್ತರದಲ್ಲಿಯೇ ನಿಲ್ಲಿಸಿದ್ದೇನೆ, ಏಕೆಂದರೆ ಇಂದು ಸರಿಸಮ ಮಾಡಿದ್ದು ಮುಂದೊಮ್ಮೆ ಮರಳು ತಿಕ್ಕಿ ಹೊಸ ಲೇಪ ಕೊಡುವಾಗ ಲೋಹಕ್ಕಿಂತ ಕೆಳಗಿಳಿಯುತ್ತದೆ. ಕುತ್ತಿಗೆಯನ್ನು ಎಷ್ಟು ತೆಳ್ಳಗೆ ಮಾಡಬಹುದು ಎಂಬ ಆಸೆಗೆ ಕಡಿವಾಣ ಬೇಕು; ನಡುವೆ ಬೋಲ್ಟಿನ ರಂಧ್ರ ಇರುವುದನ್ನು ಕೈ ಮರೆಯುತ್ತದೆ.

ಫೋರೆಂಡಿನ ಕಥೆ ಬೇರೆ. ಈ ಮರ ಲೋಹದ ಕೊಳವೆಯೊಂದರ ಮೇಲೆ ತೂರಿಕೊಂಡಿರುತ್ತದೆ. ಕೊಳವೆಯ ಹಿಂತುದಿಯಲ್ಲಿ ಎರಡು ಆಕ್ಷನ್ ಪಟ್ಟಿಗಳಿವೆ, ಮುಂತುದಿಯಲ್ಲಿ ಎರಡು ಸೀಳುಗಳ ದುಂಡು ನಟ್ ಮರವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತದೆ. ಮರ ಒಣಗಿ ಕುಗ್ಗಿದಾಗ ಫೋರೆಂಡ್ ಗಡಗಡ ಅಲುಗುತ್ತದೆ. ಆಗ ಯಾರೋ ನಟ್ಟನ್ನು ಬಲವಾಗಿ ಬಿಗಿಯುತ್ತಾರೆ. ಮುಂದಿನ ಮಳೆಗಾಲದಲ್ಲಿ ಹಿಗ್ಗಿದ ಮರಕ್ಕೆ ಹೋಗಲು ಜಾಗವಿಲ್ಲದೆ ತುದಿ ಸೀಳುತ್ತದೆ. ನಮ್ಮ ಕೋವಿಯಲ್ಲಿ ನಡೆದದ್ದು ಇದೇ. ಈ ಮಾದರಿಗೆ ಮರ ಮಾಡುವವರು ಕೊಳವೆಯ ಉದ್ದವನ್ನು ಮೊದಲು ಅಳೆಯಬೇಕು: ಹಳೆಯ ಕೋವಿಗಳಲ್ಲಿ ಅದು ಏಳು ಅಂಗುಲಕ್ಕಿಂತ ಹೆಚ್ಚು, ಸುಮಾರು 194 ಮಿಲಿಮೀಟರ್, ನಂತರದವುಗಳಲ್ಲಿ ಸುಮಾರು 171. ಒಂದರ ಮರ ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮದು ಹಳೆಯ ಉದ್ದನೆಯ ಕೊಳವೆ.

ಇಲ್ಲಿಯೂ ಕ್ರಮ ಅದೇ, ಒಳಗಿನಿಂದ ಹೊರಕ್ಕೆ. ಚೌಕ ತುಂಡನ್ನು ಲೇತ್‌ಗೆ ಕಟ್ಟಿ ಗನ್‌ಸ್ಮಿತ್ ನಡುವಿನ ರಂಧ್ರ ಕೊರೆದುಕೊಟ್ಟರು. ಕೊಳವೆಯ ಮೇಲೆ ಕೈಯಿಂದ ಒತ್ತಿದರೆ ಜಾರಿ ಕೂರುವಷ್ಟು ಬಿಗಿ, ಸುತ್ತಿಗೆ ಬೇಡುವಷ್ಟಲ್ಲ. ನಂತರ ಮೇಲ್ಭಾಗದಲ್ಲಿ ನಳಿಗೆಯ ಕಾಲುವೆಯನ್ನು ದುಂಡು ಉಳಿಯಿಂದ ತೋಡಿದೆ. ನಳಿಗೆಗೂ ಮರಕ್ಕೂ ನಡುವೆ ಎಲ್ಲ ಕಡೆ 2 ಮಿಲಿಮೀಟರ್ ಬಿಡುವು ಇರಬೇಕು, ಬಿಸಿಯಾದ ನಳಿಗೆ ಮರವನ್ನು ಸವರಿಕೊಂಡು ಹೋಗಬಾರದು. ಎಲ್ಲ ಮುಗಿದ ಮೇಲೆ ಗೋಡೆಯ ದಪ್ಪ ಎಲ್ಲಿಯೂ 4 ಮಿಲಿಮೀಟರಿಗಿಂತ ಕಡಿಮೆಯಾಗದಂತೆ ಹೊರಮೈ ತಿದ್ದಿದೆ. ಹಿಂದಕ್ಕೆ ಪೂರ್ತಿ ಎಳೆದಾಗ ಮರದ ಹಿಂತುದಿ ಎಲ್ಲಿಯೂ ಬಡಿಯದಂತೆ, ಮುಂದಕ್ಕೆ ತಳ್ಳಿದಾಗ ನಳಿಗೆಯ ಉಂಗುರಕ್ಕೆ ತಾಗದಂತೆ ಎರಡೂ ಕೊನೆಗಳಲ್ಲಿ ನೋಡಿಕೊಂಡೆವು. ಬೆವರಿದ ಕೈ ಜಾರದಿರಲೆಂದು ಎರಡು ಪಕ್ಕಗಳಲ್ಲಿ ಅಂಗುಲಕ್ಕೆ 18 ಗೆರೆಗಳ ಚೌಕುಳಿ ಕೆತ್ತನೆ ಮಾಡಿಕೊಟ್ಟವರು ಆ ಕಾರ್ಯಾಗಾರದ ಹಿರಿಯ ಕುಶಲಕರ್ಮಿ. ಅವರ ಕೈಯ ನೇರ ನನ್ನ ಕೈಗೆ ಇನ್ನೂ ಬಂದಿಲ್ಲ.

ಲೇಪಕ್ಕೆ ಹೊರಮೈಗೆ ಕುದಿಸಿದ ಅಗಸೆ ಎಣ್ಣೆ. ಜೋಳದ ರೊಟ್ಟಿಯ ಜೊತೆ ಅಗಸಿ ಚಟ್ನಿ ತಿಂದು ಬೆಳೆದ ಗನ್‌ಸ್ಮಿತ್ ಅವರಿಗೆ ಆ ವಾಸನೆ ಊರಿನದು. ಆದರೆ ಅಡುಗೆಯ ಅಗಸೆ ಎಣ್ಣೆ ಇದಕ್ಕೆ ಆಗದು, ಅದು ಒಣಗಲು ಬಹಳ ಕಾಲ ತೆಗೆದುಕೊಳ್ಳುತ್ತದೆ. ಬೇಗ ಒಣಗಿಸುವ ಲೋಹಲವಣ ಸೇರಿಸಿದ, ಬಣ್ಣದ ಅಂಗಡಿಗಳಲ್ಲಿ ಸಿಗುವ ಎಣ್ಣೆಯೇ ಬೇಕು. ಕೆಲವು ಹನಿಗಳನ್ನು ಅಂಗೈಯಲ್ಲಿ ತಿಕ್ಕಿ ಬಿಸಿಯಾಗುವವರೆಗೆ ಸವರಿ, ಉಳಿದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಪದರ. ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು. ಆಗ ಹುಟ್ಟುವ ಶಾಖ ಉಂಡೆಯೊಳಗೆ ಸಿಕ್ಕಿಬಿದ್ದು ಬಟ್ಟೆಗೆ ತಾನಾಗಿ ಬೆಂಕಿ ಹತ್ತುತ್ತದೆ. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಿ ಬಿಸಾಡಿದೆವು. ಅಗಸೆ ಎಣ್ಣೆ ಹನಿ ನೀರನ್ನು ತಡೆಯುತ್ತದೆ, ಗಾಳಿಯ ತೇವವನ್ನು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಕಣ್ಣಿಗೆ ಕಾಣದ ಜಾಗಗಳಿಗೆ, ಅಂದರೆ ಬೋಲ್ಟಿನ ರಂಧ್ರ, ಪ್ಯಾಡಿನ ಅಡಿಯ ಕಡಿಮುಖ, ಫೋರೆಂಡಿನ ಒಳಗೋಡೆ ಇವುಗಳಿಗೆ ತೆಳುಗೊಳಿಸಿದ ಪಾಲಿಯುರಿಥೇನ್ ಕೊಟ್ಟೆ. ಮಳೆಗಾಲದ ತೇವ ಮರದೊಳಗೆ ನುಗ್ಗುವುದು ಮುಖ್ಯವಾಗಿ ಈ ಕಡಿಮುಖಗಳಿಂದ.

ಹೊಸ ಪ್ಯಾಡ್ 25 ಮಿಲಿಮೀಟರ್ ದಪ್ಪದ್ದು. ಸ್ವಲ್ಪ ದೊಡ್ಡದನ್ನೇ ಕೂರಿಸಿ, ಮರಕ್ಕೆ ಟೇಪು ಸುತ್ತಿ, ಅಂಚನ್ನು ಮರಳುಪಟ್ಟಿಯಲ್ಲಿ ಸವೆಸಿ ಮರದ ಗೆರೆಗೆ ತಂದೆವು. ಜೋಡಣೆಯ ಬಳಿಕ ಗನ್‌ಸ್ಮಿತ್ ಮದ್ದಿಲ್ಲದ ಪೊಳ್ಳು ತೋಟೆಗಳನ್ನು ತುಂಬಿ ಆಕ್ಷನ್ ಎಳೆದು ನೋಡಿದರು: ಮ್ಯಾಗಝೀನಿನಿಂದ ತೋಟೆ ಏರುತ್ತದೆಯೇ, ಖಾಲಿ ತೋಟೆ ಹೊರಬೀಳುತ್ತದೆಯೇ, ಸೇಫ್ಟಿ ಹಿಡಿಯುತ್ತದೆಯೇ, ಬೋಲ್ಟು ಪೂರ್ತಿ ಮುಚ್ಚದಿದ್ದಾಗ ಕುದುರೆ ಬೀಳದೆ ನಿಲ್ಲುತ್ತದೆಯೇ. ಎಲ್ಲವೂ ಸರಿಯಿದ್ದುದರಿಂದ ಪುಸ್ತಕದಲ್ಲಿ ದುರಸ್ತಿಯ ವಿವರ ಬರೆದು ಕೋವಿಯನ್ನು ಮರಳಿಸಿದರು.

ಗುರಿಮೈದಾನದಲ್ಲಿ ಮೊದಲ ಪೆಟ್ಟಿಗೆಯ 25 ತೋಟೆಗಳು ಮುಗಿದ ಮೇಲೆ ಬಿಗಿದು ನೋಡಿದಾಗ ಸ್ಟಾಕ್ ಬೋಲ್ಟು ಸ್ವಲ್ಪವೇ ತಿರುಗಿತು. ಹೊಸ ಮರ ಒತ್ತಡಕ್ಕೆ ಕೂರುವಾಗ ಇಷ್ಟು ಸಹಜ. ಹಿಮ್ಮಡಿ ಬಟ್ಟೆಗೆ ಸಿಕ್ಕಿಕೊಳ್ಳುವುದು ಪೂರ್ತಿ ನಿಂತಿದೆ, ಏಣು ಕೆನ್ನೆಯನ್ನು ಬಡಿಯುವುದಿಲ್ಲ. ಮನೆಯಲ್ಲಿ ಕೋವಿ ಈಗ ಬೀಗವಿರುವ ಕಪಾಟಿನಲ್ಲಿ ಅಡ್ಡವಾಗಿ ಮಲಗಿರುತ್ತದೆ, ಎಣ್ಣೆಯನ್ನು ಬಟ್ಟೆಯಿಂದ ಸವರಿ ಒರೆಸುವಷ್ಟೇ ಹಾಕುತ್ತೇನೆ. ಮಳೆಗಾಲ ಕಳೆದ ಮೇಲೆ ಕೋವಿಯನ್ನು ಮತ್ತೆ ಕಾರ್ಯಾಗಾರಕ್ಕೆ ಒಯ್ದು, ಸ್ಟಾಕ್ ಬಿಚ್ಚಿ, ರಿಸೀವರಿಗೆ ಮಸಿ ಸವರಿ ನೋಡಿದೆವು. ಮುಖದ ನಾಲ್ಕೂ ಕಡೆ ಕಪ್ಪು ಹಿಂದಿನಂತೆಯೇ ಸಮನಾಗಿ ಬಂದಿತ್ತು, ಮರದ ಬಣ್ಣ ಎಲ್ಲಿಯೂ ಕಂದಿರಲಿಲ್ಲ. ಚಳಿಯ ಒಣಗಾಳಿ ಆರಂಭವಾದಾಗ ಫೋರೆಂಡಿನಲ್ಲಿ ತುಸು ಅಲುಗಾಟ ಕಾಣಿಸಿತು. ನಟ್ಟಿಗೆ ಅಲುಗಾಟ ನಿಲ್ಲುವಷ್ಟು ಮಾತ್ರ ತಿರುವು ಕೊಟ್ಟು ಬಿಟ್ಟೆವು, ಜೂನ್ ಬರುವ ಮೊದಲು ಅಷ್ಟೇ ತಿರುವನ್ನು ಹಿಂದಕ್ಕೆ ಬಿಚ್ಚಬೇಕು.